ಎದುರಿನ ಕಟ್ಟಡದ ಕೆಲಸ ನಿಂತು ಹೋಗಿದೆಯಾ, ಇಲ್ಲಾ ಕ್ಯೂರಿಂಗ್‌ಗೆ (ಕಾಂಕ್ರೀಟಿಗೆ ನೀರು ಕುಡಿಸಲು) ಬಿಟ್ಟಿದ್ದಾರಾ? (ವಿಜಯಪುರ)

ಬಾಲ್ಕನಿಯವನು

ನಮಸ್ಕಾರ. ನಮ್ಮ ಮನೆ ಎದುರು, ಸೋಲಾಪುರ ರಸ್ತೆ ಕಡೆ, ಒಂದು ಕಟ್ಟಡ ಏಳುತ್ತಿದೆ. ಕೆಳಗೆ ಅಂಗಡಿ, ಮೇಲೆ ನಾಲ್ಕು ಮಹಡಿ ಫ್ಲ್ಯಾಟ್. ಪಾಯ ತೋಡಿದಾಗಿನಿಂದ ನೋಡುತ್ತಿದ್ದೇನೆ. ಪಾಯಕ್ಕೇ ಎಷ್ಟು ದಿನ ಹಿಡಿಯಿತು ಎಂದರೆ, ಇವರೇನು ಬಾವಿ ತೋಡುತ್ತಿದ್ದಾರಾ ಎಂದು ಓಣಿಯವರು ನಗುತ್ತಿದ್ದರು. ದೀಪಾವಳಿ ಆದ ಮೇಲೆ ಮಾತ್ರ ನೋಡನೋಡುತ್ತ ಸ್ಲ್ಯಾಬ್ ಮೇಲೆ ಸ್ಲ್ಯಾಬ್ ಬಿತ್ತು. ಯುಗಾದಿ ಹೊತ್ತಿಗೆ ಕೊನೆಯದನ್ನೂ ಹಾಕಿ, ಕಾಯಿ ಒಡೆದು, ಓಣಿಗೆಲ್ಲ ಪೇಡೆ ಹಂಚಿದರು.

ಅಲ್ಲಿಂದ ಗಪ್‌ಚಿಪ್. ಮಿಕ್ಸರ್ ಗಾಡಿ ಇಲ್ಲ, ಕಬ್ಬಿಣ ಕತ್ತರಿಸುವ ಸದ್ದಿಲ್ಲ. ಒಬ್ಬ ಹುಡುಗ ಪೈಪ್ ಹಿಡಿದುಕೊಂಡು ಮೇಲೆ ಓಡಾಡುತ್ತಾನೆ, ಅಷ್ಟೇ.

ಬರೀ ಕುತೂಹಲ ಆಗಿದ್ದರೆ ಕೇಳುತ್ತಿರಲಿಲ್ಲ. ನಮ್ಮ ಅಕ್ಕ ಅಲ್ಲೇ ಮೂರನೇ ಮಹಡಿಯಲ್ಲಿ ಫ್ಲ್ಯಾಟ್ ಬುಕ್ ಮಾಡಿದ್ದಾಳೆ. ಅವರು ಇರುವುದು ಪುಣೆಯಲ್ಲಿ. ಬರುವ ದಸರಾಕ್ಕೆ ಕೀಲಿ ಕೈಗೆ ಎಂದಿದ್ದಾರಂತೆ. ಭಾವ ದಿನಾ ಫೋನ್ ಮಾಡಿ "ಇವತ್ತೇನಾದರೂ ನಡೆಯಿತಾ" ಎಂದು ಕೇಳುತ್ತಾರೆ. ನಾನೇನು ಹೇಳಲಿ? ರಸ್ತೆಯಲ್ಲಿ ನಿಂತು ನೋಡಿದವನಿಗೆ, ಕೆಲಸ ಕೈಬಿಟ್ಟಿದ್ದಾರೋ ಇಲ್ಲಾ ಇಷ್ಟು ದಿನ ಹೀಗೆಯೇ ಇರಬೇಕೋ ಎಂದು ತಿಳಿಯುವುದು ಹೇಗೆ?

ತಾಜಬಾವಡಿ ಹುಡುಗ

ಅರ್ಧಕ್ಕೆ ನಿಂತ ಕಟ್ಟಡ ನಮ್ಮೂರಿಗೆ ಹೊಸದಾ ಅಣ್ಣಾ? ಬಾರಾ ಕಮಾನ್ ನೋಡಿ. ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ, ಅವನ ಗೋರಿ ಕಮಾನುಗಳಿಗೇ ನಿಂತಿತು. ಇವತ್ತಿಗೂ ಟಿಕೆಟ್ ಇಲ್ಲದೆ ಜನ ನೋಡಲು ಹೋಗುತ್ತಾರೆ. ನಿಮ್ಮ ಅಕ್ಕನ ಫ್ಲ್ಯಾಟಿಗೂ ಭವಿಷ್ಯ ಇದೆ.

ಬಾಲ್ಕನಿಯವನು

ಇದನ್ನು ಭಾವನಿಗೆ ತೋರಿಸುವುದಿಲ್ಲ.

ಸೈಟ್ ಇಂಜಿನಿಯರ್

ತಮಾಷೆ ಪಕ್ಕಕ್ಕಿಡಿ, ಪ್ರಶ್ನೆ ಚೆನ್ನಾಗಿದೆ. ನಾನು ಇದೇ ಕೆಲಸದಲ್ಲಿ ಇದ್ದೇನೆ, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಪಾಯದ ಮಾತು. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುತ್ತದೆ, ನೋಡಿದ್ದೀರಿ ಅಲ್ವಾ? ಅದರ ಮೇಲೆ ಕಟ್ಟಡ ಕೂರಿಸಿದರೆ ವರ್ಷಕ್ಕೆರಡು ಸಲ ಅದು ಕಟ್ಟಡವನ್ನು ಅಲ್ಲಾಡಿಸುತ್ತದೆ. ಆದ್ದರಿಂದ ಎರೆ ತೆಗೆದು ಗರ್ಸು ಅಥವಾ ಕರಿಕಲ್ಲು ಸಿಗುವ ತನಕ ಇಳಿಯಬೇಕು. ಒಂದು ಕಾಲಮ್ಮಿಗೆ ಬೇಗ ಕಲ್ಲು ಸಿಗುತ್ತದೆ, ಹತ್ತು ಹೆಜ್ಜೆ ಆಚೆ ಇನ್ನೊಂದಕ್ಕೆ ಸಿಗುವುದೇ ಇಲ್ಲ. ಕಲ್ಲು ಬೇಗ ಸಿಕ್ಕರೂ ಅದನ್ನು ಒಡೆಯಲು ಬ್ರೇಕರ್ ಬೇಕು. ನಿಮ್ಮ ಓಣಿಯವರು ನಕ್ಕರಲ್ಲ, ಆ ದಿನಗಳು ಹಾಳಾಗಿಲ್ಲ. ಪಾಯ ಬೇಗ ಮುಗಿಸಿದ ಕಟ್ಟಡವನ್ನು ಕಂಡರೆ ನನಗೇ ಹೆದರಿಕೆ.

ಈಗ ಸ್ಲ್ಯಾಬ್. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಸಿಮೆಂಟ್ ಮತ್ತು ನೀರು ಸೇರಿ ಕಲ್ಲಾಗುತ್ತವೆ. ನೀರು ಆರಿತೋ, ಗಟ್ಟಿಯಾಗುವುದೂ ಅಲ್ಲಿಗೇ ನಿಲ್ಲುತ್ತದೆ. ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ) ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್, ಒಣ ಬಿಸಿಲಿನ ಊರಿಗೆ ಕನಿಷ್ಠ 10 ದಿನ. ಈಗ ಅಂಗಡಿಯಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್. ಅದಕ್ಕೆ 14 ದಿನ ನೀರು ಕುಡಿಸಿದರೆ ಒಳ್ಳೆಯದು.

ಆಸರೆ ಕಂಬಗಳನ್ನು ತೆಗೆಯುವುದಕ್ಕೂ ಲೆಕ್ಕ ಇದೆ. ಸ್ಲ್ಯಾಬಿನ ಹರವು 4.5 ಮೀಟರ್ ಒಳಗಿದ್ದರೆ 7 ದಿನ, ಮೀರಿದರೆ 14 ದಿನ. ಬೀಮ್ ಆದರೆ 6 ಮೀಟರ್ ತನಕ 14 ದಿನ, ಅದಕ್ಕಿಂತ ಉದ್ದ ಇದ್ದರೆ 21. ಇದೆಲ್ಲ ಸಾದಾ ಸಿಮೆಂಟಿನ ಲೆಕ್ಕ, ಪಿಪಿಸಿಗೆ ಇನ್ನೂ ಸ್ವಲ್ಪ ತಡೆಯುವುದು ಲೇಸು. ಇಲ್ಲೇ ಮೋಸ ನಡೆಯುವುದು. ಸೆಂಟ್ರಿಂಗ್ ಶೀಟು (ಕಾಂಕ್ರೀಟ್ ಸುರಿಯುವ ಅಚ್ಚು), ಜಾಕಿ (ಆಸರೆ ಕಂಬ) ಎಲ್ಲ ದಿನದ ಬಾಡಿಗೆ ಸಾಮಾನು. ಮೇಲಿನ ಮಹಡಿಗೆ ಬೇಕು ಎಂದು ಕೆಳಗಿನದನ್ನು ಬೇಗ ಬಿಚ್ಚುವ ಆಸೆ ಎಲ್ಲರಿಗೂ ಇರುತ್ತದೆ. ಕೆಳಗಿನ ಎರಡು ಮಹಡಿಗೆ ಆಸರೆ ಬಿಟ್ಟು ಮೇಲೆ ಹೋಗುವವನು ಸರಿಯಾದ ಕಾಂಟ್ರಾಕ್ಟರ್.

ಈಗ ನೀವು ಹೇಳಿ. ಆ ಹುಡುಗ ನೀರು ಹೊಡೆಯುವುದು ಯಾವಾಗ? ಮೇಲಿನ ಮಹಡಿಯಲ್ಲಿ ಜಾಕಿ ಇನ್ನೂ ನಿಂತಿವೆಯಾ? ಛತ್ತಿನ ಮೇಲೆ ಕಬ್ಬಿಣದ ಸರಳು ಬಿಟ್ಟಿದ್ದರೆ ಅವುಗಳ ಬಣ್ಣ ಏನು? ಇಟ್ಟಿಗೆ ಬಂದಿದೆಯಾ?

ಬಾಲ್ಕನಿಯವನು

ಧನ್ಯವಾದ ಸರ್. ಇವತ್ತು ಕಣ್ಣಿಟ್ಟು ನೋಡಿದೆ.

ಛತ್ತಿನ ಮೇಲೆ ಸಿಮೆಂಟ್ ಗಾರೆಯಿಂದ ಸಣ್ಣ ಒಡ್ಡು ಕಟ್ಟಿ ಚೌಕ ಚೌಕ ಮಾಡಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಹುಡುಗ ಅದರಲ್ಲಿ ನೀರು ತುಂಬುತ್ತಾನೆ. ಹನ್ನೆರಡರ ಹೊತ್ತಿಗೆ ಅಂಚಿನ ಚೌಕಗಳು ಬೆಳ್ಳಗಾಗುತ್ತವೆ, ನಡುವಿನವು ಮಾತ್ರ ಹೊಳೆಯುತ್ತವೆ. ಮತ್ತೆ ಅವನು ಕಾಣುವುದು ಐದರ ಮೇಲೆಯೇ. ಮೇಲಿನ ಮಹಡಿಯಲ್ಲಿ ಜಾಕಿ ಇನ್ನೂ ಇವೆ. ಕೆಳಗಿನವೆಲ್ಲ ಖಾಲಿ. ಮೆಟ್ಟಿಲು ಮೇಲೆ ಬರುವ ಜಾಗದಲ್ಲಿ ನಾಲ್ಕೈದು ಕಡೆ ಸರಳು ಎದ್ದಿವೆ, ಬೂದು ಬಣ್ಣ ಬಳಿದ ಹಾಗಿದೆ. ಎರಡು ಲಾರಿ ಇಟ್ಟಿಗೆ ಯುಗಾದಿಗೆ ಮುಂಚೆಯೇ ಬಂದಿದೆ. ಒಂದನ್ನೂ ಎತ್ತಿಲ್ಲ.

ಸೈಟ್ ಇಂಜಿನಿಯರ್

ಬೂದು ಬಣ್ಣ ಎಂದರೆ ಸರಳಿಗೆ ಸಿಮೆಂಟ್ ಹಾಲು ಬಳಿದಿದ್ದಾರೆ. ತುಕ್ಕು ಹಿಡಿಯದಿರಲಿ ಎಂದು. ಕೈಬಿಟ್ಟು ಹೋಗುವವರು ಆ ಕಷ್ಟ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಕಡೆ ನೋಡಿದರೆ, ಆ ಸರಳುಗಳ ಮೇಲಿನ ಕೆಲಸಕ್ಕೆ ಅವರು ಬೇಗ ಕೈ ಹಾಕುವುದಿಲ್ಲ ಎಂದೂ ಅರ್ಥ. ಬರೀ ಕಂದು ಬಣ್ಣದ ತೆಳು ತುಕ್ಕು ಇದ್ದರೆ ಹೆದರಬೇಡಿ. ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಏಳುವ ತುಕ್ಕು ಕೆಟ್ಟದ್ದು.

ಮಧ್ಯಾಹ್ನ ಅಂಚು ಒಣಗುವುದು ನನಗೆ ಇಷ್ಟವಾಗಲಿಲ್ಲ. ಏಪ್ರಿಲ್ ಬಿಸಿಲಿಗೆ ಒಂದು ಸಲ ತುಂಬಿದ್ದು ಸಾಲದು.

ನೀರಿನ ಲೆಕ್ಕದವರು

ಹುಡುಗನನ್ನು ಬೈಯುವ ಮುಂಚೆ ನೀರು ಎಲ್ಲಿಂದ ಬರುತ್ತದೆ ನೋಡಿ. 2,500 ಚದರ ಅಡಿ ಛತ್ತು ಎನ್ನಿ. ಒಂದು ಇಂಚು ನೀರು ನಿಲ್ಲಿಸಬೇಕಾದರೆ ಸುಮಾರು 6,000 ಲೀಟರ್. 5,000 ಲೀಟರಿನ ಒಂದು ಟ್ಯಾಂಕರ್ ಸಾಲುವುದಿಲ್ಲ. ಅದೂ ಒಂದು ಸಲಕ್ಕೆ. ಕೊಲ್ಹಾರದಿಂದ ಬರುವ ಕೃಷ್ಣಾ ನೀರನ್ನು ನಮಗೇ ಕುಡಿಯಲು ದಿನ ಬಿಟ್ಟು ದಿನ ಕಾಯುತ್ತೇವೆ, ಕಟ್ಟಡಕ್ಕೆ ಯಾರು ಕೊಡುತ್ತಾರೆ? ಬೋರಿನ ನೀರೇ ಗತಿ. ನಮ್ಮ ಕಡೆ ಬೋರ್ ನೀರು ಹಲವು ಕಡೆ ಉಪ್ಪು. ಕಬ್ಬಿಣ ಹಾಕಿದ ಕಾಂಕ್ರೀಟ್ ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂದು ಅದೇ ಐಎಸ್ 456 ಹೇಳುತ್ತದೆ. ನೀರಿನ ಪರೀಕ್ಷೆ ಮಾಡಿಸಿದ್ದೀರಾ ಎಂದು ಬಿಲ್ಡರನ್ನು ಕೇಳಿ. ಮಾಡಿಸಿದವರು ಕಾಗದ ತೋರಿಸುತ್ತಾರೆ. ಮಾಡಿಸದವರು ಚಹಾ ತರಿಸುತ್ತಾರೆ.

ನವನಗರದ ಅಕ್ಕ

ನಾನು ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗಗಳು ಮುಳುಗುತ್ತವೆ ಎಂದಾಗ ನವನಗರ ಕಟ್ಟಿದರಲ್ಲ, ಅಂಥ ಊರಿನಲ್ಲಿ ಬೆಳೆದವಳು. ಕಟ್ಟಡ ಏಳುವುದನ್ನು ನೋಡುವುದು ನಮಗೆ ಟಿವಿ ನೋಡಿದಷ್ಟೇ ಮಾಮೂಲು. ಹೋದ ವರ್ಷ ನಮ್ಮ ಮನೆಯ ಮೇಲೆ ಒಂದು ಮಹಡಿ ಕಟ್ಟಿಸಿದೆವು, ಅದೂ ಬೇಸಿಗೆಯಲ್ಲೇ.

ನೀರು ಉಳಿಸಲು ಮೇಸ್ತ್ರಿ ಹೇಳಿಕೊಟ್ಟಿದ್ದು ಇದು. ಒಡ್ಡಿನ ಚೌಕಗಳಲ್ಲಿ ಭತ್ತದ ಹುಲ್ಲು ಇಲ್ಲವೇ ಹಳೆ ಗೋಣಿ ತಟ್ಟು ಹಾಸಿ ಅದರ ಮೇಲೆ ನೀರು ಬಿಡುವುದು. ಬೇಗ ಆರುವುದಿಲ್ಲ. ಕಾಲಮ್ಮಿಗೂ ಗೋಣಿ ಸುತ್ತಿ ಸುತಳಿ ಕಟ್ಟಿದರು. ಬರಿ ಕಾಲಮ್ಮಿಗೆ ಪೈಪಿನಿಂದ ನೀರು ಹೊಡೆದರೆ ಕಣ್ಣೆದುರೇ ಇಳಿದು ನೆಲಕ್ಕೆ ಹೋಗುತ್ತದೆ, ಯಾರಿಗೂ ಉಪಯೋಗ ಇಲ್ಲ. ಜನ ಛತ್ತಿಗೆ ನೀರು ಹಾಕುತ್ತಾರೆ, ಕಾಲಮ್ ಮರೆಯುತ್ತಾರೆ. ಇಡೀ ಭಾರ ಹೊರುವುದು ಅದೇ ಅಲ್ವಾ?

ಬಾಲ್ಕನಿ ಅಣ್ಣಾರೆ, ಆ ಹುಡುಗನಿಗೆ ಮಧ್ಯಾಹ್ನ ಮಜ್ಜಿಗೆ ಕೊಟ್ಟು ನೋಡಿ. ಎರಡನೇ ಸಲ ನೀರು ಬೀಳುತ್ತದೆ.

ಗೌಂಡಿ ಮಗ

ಎಲ್ಲರೂ ಸಿಮೆಂಟು, ನೀರು ಎಂದೇ ಹೇಳುತ್ತಿದ್ದೀರಿ. ಜನರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಪ್ಪ ಗೌಂಡಿ, ನಮ್ಮದು ತಾಂಡಾ. ನಾನು ಕಾಲೇಜಿಗೆ ಹೋಗುವಾಗಲೂ ರಜೆಯಲ್ಲಿ ತಟ್ಟೆ ಹೊತ್ತಿದ್ದೇನೆ.

ಸ್ಲ್ಯಾಬ್ ಹಾಕುವ ಗ್ಯಾಂಗ್ ಬೇರೆ, ಇಟ್ಟಿಗೆ ಕಟ್ಟುವ ಗ್ಯಾಂಗ್ ಬೇರೆ, ಗಿಲಾವ (ಪ್ಲಾಸ್ಟರ್) ಮಾಡುವವರು ಇನ್ನೂ ಬೇರೆ. ಸೆಂಟ್ರಿಂಗ್‌ನವರು ಕೊನೆಯ ಸ್ಲ್ಯಾಬ್ ಮುಗಿಸಿ ಬೇರೆ ಸೈಟಿಗೆ ಹೋಗಿರುತ್ತಾರೆ. ಜಾಕಿ ಬಿಚ್ಚಲು ಇಬ್ಬರು ಬಂದರೆ ಸಾಕು. ಇಟ್ಟಿಗೆಯವರು ಇನ್ನೊಂದು ಕಡೆ ಅರ್ಧ ಕೆಲಸದಲ್ಲಿ ಸಿಕ್ಕಿಕೊಂಡಿರುತ್ತಾರೆ. ಈ ನಡುವಿನ ಸಂದಿಯೇ ನಿಮಗೆ ಕಾಣುತ್ತಿರುವ ಗಪ್‌ಚಿಪ್. ಮುಂಗಡ ಯಾರು ಮೊದಲು ಕೊಟ್ಟರೋ ಅವರ ಸೈಟಿಗೆ ಗ್ಯಾಂಗ್ ಮೊದಲು ಹೋಗುತ್ತದೆ.

ಮತ್ತೆ ಕ್ಯಾಲೆಂಡರ್ ನೋಡಿ. ದಸರಾ ದೀಪಾವಳಿ ಆದ ಮೇಲೆ ಸಕ್ಕರೆ ಕಾರ್ಖಾನೆ ಶುರು. ತಾಂಡಾದ ಅರ್ಧ ಮಂದಿ ಕಬ್ಬು ಕಡಿಯಲು ಹೋಗುತ್ತಾರೆ, ಗಂಡ ಹೆಂಡತಿ ಮಕ್ಕಳು ಸಮೇತ. ಉಳಿದವರಲ್ಲಿ ಗೋವಾ, ಮಂಗಳೂರು ಎಂದು ಹೋದವರು ಬೇರೆ. ಆಮೇಲೆ ತೊಗರಿ ರಾಶಿ, ಎಳ್ಳ ಅಮಾವಾಸ್ಯೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಅದಾದರೆ ಬಿಳಿಜೋಳ ಕೀಳುವುದು. ಹೊಲದ ಕೆಲಸ ಮುಗಿದು ಕೈಗೆ ಜನ ಸಿಗುವುದೇ ಏಪ್ರಿಲ್ ಮೇ. ಕಾಂಕ್ರೀಟಿಗೆ ಅತಿ ಕೆಟ್ಟ ತಿಂಗಳು ಅವೇ. ಒಳ್ಳೆಯ ಹವಾ ಇದ್ದಾಗ ಆಳಿಲ್ಲ, ಆಳಿದ್ದಾಗ ಹವಾ ಇಲ್ಲ. ಅದೂ ಈಗ ಊರೂರಿಗೆ ಜಾತ್ರೆ, ಮದುವೆ. ಬಿಹಾರದ ಕಡೆಯಿಂದ ಬಂದವರು ಹೋಳಿಗೆ ಊರಿಗೆ ಹೋದರೆ ವಾಪಸ್ ಬರಲು ತಿಂಗಳು.

ಬೇಸಿಗೆಯಲ್ಲಿ ನಮ್ಮ ಅಪ್ಪ ಬೆಳಿಗ್ಗೆ ಆರೂವರೆಗೆ ಸೈಟಿನಲ್ಲಿ ಇರುತ್ತಿದ್ದರು. ಹನ್ನೆರಡಕ್ಕೆ ಬುತ್ತಿ ಬಿಚ್ಚಿದರೆ ಮತ್ತೆ ಕರಣಿ ಹಿಡಿಯುವುದು ನಾಲ್ಕಕ್ಕೆ. ಬಿಸಿಲಿಗೆ ಕಬ್ಬಿಣ ಮುಟ್ಟಿದರೆ ಚರ್ಮ ಸುಲಿಯುತ್ತದೆ, ಬಟ್ಟೆ ಸುತ್ತಿಕೊಂಡು ಸರಳು ಎತ್ತುತ್ತಾರೆ. ಬಾಲ್ಕನಿಯಿಂದ ಎರಡು ಗಂಟೆಗೆ ನೋಡಿದವರಿಗೆ "ಯಾರೂ ಇಲ್ಲ" ಎಂದೇ ಕಾಣುತ್ತದೆ. ಅಮಾವಾಸ್ಯೆ ದಿನ ಅವರು ಕೆಲಸ ಹಿಡಿಯುವುದಿಲ್ಲ. ಬಟವಡೆಯ ಮರುದಿನ ಸಂತೆ, ಅಂದು ಅರ್ಧ ಜನ. ಇದನ್ನೆಲ್ಲ ಬಿಟ್ಟು ಉಳಿದ ದಿನ ಎಣಿಸಿ.

ಸೈಟ್ ಇಂಜಿನಿಯರ್

ಗೌಂಡಿ ಮಗ ಬರೆದಿದ್ದು ಅಕ್ಷರಶಃ ನಿಜ. ನಾವು ಕಂಪ್ಯೂಟರಿನಲ್ಲಿ ಬಾರ್ ಚಾರ್ಟ್ ಹಾಕುವಾಗ ಭಾನುವಾರ ಮಾತ್ರ ರಜೆ ಎಂದು ಹಾಕುತ್ತೇವೆ. ಕಾರಹುಣ್ಣಿಮೆ, ಪಂಚಮಿ ಅದರಲ್ಲಿ ಇರುವುದೇ ಇಲ್ಲ. ಬೆಂಗಳೂರಿನ ಆಫೀಸಿನಿಂದ ಫೋನ್ ಬರುತ್ತದೆ, "ಯಾಕೆ ಲೇಟ್?" ಎಂದು. ಪಂಚಮಿಗೆ ಜನ ಜೋಕಾಲಿ ಕಟ್ಟಲು ಹೋಗಿದ್ದಾರೆ ಎಂದರೆ ನಗುತ್ತಾರೆ.

ನಿದ್ದೆಗೆಟ್ಟವನು

ನನ್ನ ದೂರು ಉಲ್ಟಾ. ನಮ್ಮ ಪಕ್ಕದ ಸೈಟ್ ನಿಲ್ಲುವುದೇ ಇಲ್ಲ. ಮೊನ್ನೆ ರಾತ್ರಿ ಹನ್ನೊಂದೂವರೆ ತನಕ ಕಾಂಕ್ರೀಟ್ ಪಂಪ್ ಗುಡುಗುಡು. ಕಾಂಕ್ರೀಟನ್ನು ಅದುರಿಸಿ ಕೂರಿಸುವ ನೀಡಲ್ ವೈಬ್ರೇಟರ್ ಸದ್ದು ಗೋಡೆಯೊಳಗಿಂದ ಬರುತ್ತದೆ. ಮಗಳಿಗೆ ಪರೀಕ್ಷೆ. ಹೋಗಿ ಕೇಳಿದರೆ "ಸರ್, ಬಿಸಿಲಿಗೆ ಹಗಲು ಹಾಕಲು ಆಗುವುದಿಲ್ಲ" ಎಂದು ನನಗೇ ಪಾಠ. ಇದು ನಿಜವಾ, ಇಲ್ಲಾ ನೆಪವಾ?

ಸೈಟ್ ಇಂಜಿನಿಯರ್

ಅರ್ಧ ನಿಜ, ಅರ್ಧ ನೆಪ.

ನಿಜ ಯಾವುದು ಎಂದರೆ, 40 ಡಿಗ್ರಿ ದಾಟಿದ ಹವೆಯಲ್ಲಿ ಕಾಂಕ್ರೀಟ್ ಹಾಕುವುದಕ್ಕೆ ಐಎಸ್ 7861 ಎಂಬ ಬೇರೆ ಕೋಡೇ ಇದೆ. ಮಧ್ಯಾಹ್ನ ಹಾಕಿದರೆ ಮೇಲಿನ ನೀರು ಬಿಸಿ ಗಾಳಿಗೆ ಹಾರಿಹೋಗಿ, ಕಾಂಕ್ರೀಟ್ ಇನ್ನೂ ಹಸಿ ಇರುವಾಗಲೇ ಕೂದಲೆಳೆ ಬಿರುಕು ಬೀಳುತ್ತವೆ. ಪ್ಲಾಂಟಿನಿಂದ ಬರುವ ಗಾಡಿಯನ್ನು ಸಾಮಾನ್ಯವಾಗಿ 2 ತಾಸಿನೊಳಗೆ ಖಾಲಿ ಮಾಡಬೇಕು, ಬಿಸಿಲಿಗೆ ಅಷ್ಟೂ ತಡೆಯುವುದಿಲ್ಲ. ಗಾಡಿ ಡ್ರೈವರ್ "ಬಿಗಿ ಆಯಿತು" ಎಂದು ನೀರು ಸುರಿಯುತ್ತಾನೆ, ಕಾಂಕ್ರೀಟ್ ಸಡಿಲ ಆಗುತ್ತದೆ, ಜೊತೆಗೆ ಬಲವೂ ಹೋಗುತ್ತದೆ. ಸೈಟಿನಲ್ಲಿ ಗಾಡಿಗೆ ನೀರು ಬೆರೆಸುವುದನ್ನು ಕಂಡರೆ ಸುಮ್ನೆ ಇರಬೇಡಿ.

ನೆಪ ಯಾವುದು ಎಂದರೆ ಹೊತ್ತು. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಇಂಥ ಸ್ಲ್ಯಾಬ್ ಊಟದ ಹೊತ್ತಿಗೆ ಮುಗಿಯುತ್ತದೆ. 2,500 ಚದರ ಅಡಿಗೆ ಐದು ಇಂಚು ದಪ್ಪ ಎಂದರೆ 30 ಘನ ಮೀಟರ್ ಹತ್ತಿರ, ಬೀಮ್ ಸೇರಿಸಿ 45 ಹಿಡಿಯಿರಿ. 6 ಘನ ಮೀಟರಿನ ಗಾಡಿ ಎಂಟು. ಗಾಡಿಗಳು ಸಾಲಾಗಿ ಬಂದರೆ ಇದು ಐದಾರು ತಾಸಿನ ಮಾತು. ರಾತ್ರಿ ಹನ್ನೊಂದೂವರೆ ಆಗುವುದು ಪ್ಲಾಂಟಿನವರು ಬೇರೆಯವರಿಗೆ ಗಾಡಿ ಕೊಟ್ಟು ಇವರನ್ನು ಕಾಯಿಸಿದಾಗ. ಒಮ್ಮೆ ಶುರುವಾದ ಸ್ಲ್ಯಾಬನ್ನು ನಡುವೆ ಎಲ್ಲೆಂದರಲ್ಲಿ ನಿಲ್ಲಿಸಲೂ ಬಾರದು, ಅಲ್ಲಿ ಹಳೆಯದು ಹೊಸದು ಸರಿಯಾಗಿ ಕೂಡದೆ ಜೋಡು ಬೀಳುತ್ತದೆ.

ಬ್ಯಾಂಕ್ ಕಾಕಾ

ನಿದ್ದೆಗೆಟ್ಟವರೇ, 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಮೊದಲು ಹೋಗಿ ಸೌಮ್ಯವಾಗಿ ಹೇಳಿ, ಕೇಳದಿದ್ದರೆ 112ಕ್ಕೆ ಫೋನ್ ಮಾಡಿ. ಪರೀಕ್ಷೆ ಮಗು ಇದೆ ಎಂದರೆ ಮೇಸ್ತ್ರಿಗಳು ಹೆಚ್ಚಾಗಿ ಕೇಳುತ್ತಾರೆ. ಅವರ ಮಕ್ಕಳಿಗೂ ಪರೀಕ್ಷೆ ಇರುತ್ತದಲ್ಲ.

ಇನ್ನು ಬಾಲ್ಕನಿಯವರ ಪ್ರಶ್ನೆಗೆ ಬರುತ್ತೇನೆ. ನಾನು ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿ ಇದ್ದವನು. ಕಟ್ಟಡ ನಿಂತಿದೆಯಾ ಎಂದು ತಿಳಿಯಲು ನಾನು ಮೇಲೆ ನೋಡುವುದಿಲ್ಲ, ಕಾಗದ ನೋಡುತ್ತೇನೆ.

ಕಂತು ಹೇಗೆ ಕಟ್ಟುತ್ತಿದ್ದೀರಿ ನೋಡಿ. ಬಹಳಷ್ಟು ಕರಾರುಗಳಲ್ಲಿ ಪ್ಲಿಂತ್‌ಗೆ (ಪಾಯ ನೆಲದ ಮಟ್ಟಕ್ಕೆ ಬಂದಾಗ) ಇಷ್ಟು, ಒಂದೊಂದು ಸ್ಲ್ಯಾಬಿಗೆ ಇಷ್ಟು ಎಂದು ಇರುತ್ತದೆ. ಸ್ಲ್ಯಾಬ್ ಬಿದ್ದರೆ ಬಿಲ್ಡರ್ ಫೋಟೊ ಕಳಿಸುತ್ತಾನೆ, ಬ್ಯಾಂಕ್ ದುಡ್ಡು ಬಿಡುತ್ತದೆ. ಕೊನೆಯ ಸ್ಲ್ಯಾಬ್ ಹೊತ್ತಿಗೆ ದುಡ್ಡಿನ ದೊಡ್ಡ ಪಾಲು ಅವನ ಕೈ ಸೇರಿರುತ್ತದೆ. ಇನ್ನು ಉಳಿದಿದ್ದು ಇಟ್ಟಿಗೆ, ಗಿಲಾವ, ವೈರಿಂಗ್, ಟೈಲ್ಸ್, ಲಿಫ್ಟ್. ಖರ್ಚು ಜಾಸ್ತಿ, ಬರುವ ಕಂತು ಕಡಿಮೆ. ಸ್ಲ್ಯಾಬ್‌ಗಳು ಓಡುವುದು, ಆಮೇಲೆ ಕೆಲಸ ಕುಂಟುವುದು ಇದರಿಂದ. ಬರೀ ಅಸ್ಥಿಪಂಜರ ಎದ್ದ ಮೇಲೆಯೇ ನಿಜವಾದ ಪರೀಕ್ಷೆ.

ಇದನ್ನು ತಡೆಯಲೆಂದೇ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ. ಗಿರಾಕಿಗಳಿಂದ ಬಂದ ಹಣದಲ್ಲಿ 70 ಪರ್ಸೆಂಟ್ ಬೇರೆ ಖಾತೆಯಲ್ಲಿ ಇಡಬೇಕು. ಕೆಲಸ ಎಷ್ಟು ಆಗಿದೆಯೋ ಅಷ್ಟೇ ತೆಗೆಯಬೇಕು, ಅದಕ್ಕೆ ಇಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಪ್ರಮಾಣಪತ್ರ ಬೇಕು. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟ್ 8 ಮೀರದಿದ್ದರೆ ವಿನಾಯಿತಿ, ಉಳಿದವಕ್ಕೆ ನೋಂದಣಿ ಕಡ್ಡಾಯ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ. ಮೂರು ತಿಂಗಳಿಗೊಮ್ಮೆ ಎಷ್ಟು ಕೆಲಸ ಆಯಿತು ಎಂದು ಅವರು ಅಲ್ಲಿ ಹಾಕಬೇಕು. ಮುಗಿಸುವ ದಿನಾಂಕವೂ ಅಲ್ಲೇ ಇರುತ್ತದೆ. ದಸರಾ ಎಂದು ಬಾಯಲ್ಲಿ ಹೇಳಿದ್ದಾ, ಕರಾರಿನಲ್ಲಿ ಬರೆದಿದ್ದಾ? ಅದನ್ನು ಮೊದಲು ನೋಡಿ.

ಟಿಳಕವಾಡಿ

ಬೆಳಗಾವಿಯಿಂದ ಒಂದು ಮಾತು. ನಿಮಗೆ ಬಿಸಿಲಿನ ಚಿಂತೆ, ನಮಗೆ ಮಳೆಯದು. ಇಲ್ಲಿ ಜೂನ್ ಹಿಡಿದರೆ ಆಗಸ್ಟ್ ತನಕ ಬಿಡುವುದಿಲ್ಲ. ಮೃಗಶಿರಾ ಮಳೆಗೆ ಮುಂಚೆ ಪಾಯ ಮೇಲೆ ಬರದಿದ್ದರೆ ಗುಂಡಿಯಲ್ಲಿ ನೀರು ನಿಂತು, ಪಂಪ್ ಇಟ್ಟುಕೊಂಡು ಕೂರಬೇಕು. ನಮ್ಮ ಕಡೆ ಇಂಜಿನಿಯರುಗಳು ಮಳೆಗಾಲದಲ್ಲಿ ಒಳಗಿನ ಗಿಲಾವ, ಇಟ್ಟಿಗೆ ಕೆಲಸ ಇಟ್ಟುಕೊಳ್ಳುತ್ತಾರೆ. ಹೊರಗಿನ ಗಿಲಾವ, ಬಣ್ಣ ಎಲ್ಲ ದಸರಾ ಮೇಲೆ. ಕ್ಯೂರಿಂಗ್ ಮಾತ್ರ ದೇವರೇ ಮಾಡುತ್ತಾನೆ, ಪುಕ್ಕಟೆ.

ನಿಮ್ಮಲ್ಲಿ ಮಳೆ ಕಡಿಮೆ, ಅದೂ ಜೋರಾಗಿ ಬರುವುದು ಸೆಪ್ಟೆಂಬರ್ ಸುಮಾರಿಗೆ. ಏಪ್ರಿಲ್‌ನಲ್ಲಿ ಒಂದೂ ಗೋಡೆ ಏಳದ ಕಟ್ಟಡ ದಸರಾಕ್ಕೆ ಕೀಲಿ ಕೊಡುತ್ತದೆ ಎಂದರೆ ನಾನಂತೂ ನಂಬುವುದಿಲ್ಲ.

ಗುಮ್ಮಟದ ಹಿಂದಿನ ಓಣಿ

ನಮ್ಮ ಕಡೆಯ ಕಥೆಯೇ ಬೇರೆ. ಇಲ್ಲಿ ಕಟ್ಟಡ ನಿಲ್ಲಲು ಶುರುವೇ ಆಗುವುದಿಲ್ಲ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅಲ್ಲಿಂದ ಮುಂದೆ 200 ಮೀಟರ್ ನಿಯಂತ್ರಿತ. ಮೊದಲನೆಯದರಲ್ಲಿ ಹೊಸ ಕಟ್ಟಡ ಇಲ್ಲ, ಎರಡನೆಯದರಲ್ಲಿ ಅನುಮತಿ ಬೇಕು. ಪ್ರಾಚೀನ ಸ್ಮಾರಕ ಕಾಯ್ದೆಗೆ 2010ರ ತಿದ್ದುಪಡಿ ಆದ ಮೇಲೆ ಇದು ಬಿಗಿ. ಊರು ತುಂಬ ಸ್ಮಾರಕ, ಎಲ್ಲಿ ಟೇಪ್ ಹಿಡಿದರೂ ಯಾವುದೋ ಒಂದು ಗುಮ್ಮಟದ 300 ಮೀಟರ್ ಒಳಗೇ ಇರುತ್ತೇವೆ. ಗೋಲಗುಮ್ಮಟ 1656ರಲ್ಲಿ ಮುಗಿಯಿತಂತೆ, ಇವತ್ತಾಗಿದ್ದರೆ ಎತ್ತರದ ಅನುಮತಿಯೇ ಸಿಗುತ್ತಿರಲಿಲ್ಲ. ಅದೂ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಫೈಲು ಹಿಡಿದುಕೊಂಡು ಊಟ ಮಾಡಿ ಹೋದವನಿಗೆ ಬೀಗ ಕಾಣುತ್ತದೆ.

ತಾಜಬಾವಡಿ ಹುಡುಗ

ಗುಮ್ಮಟ ಕಟ್ಟಿದಾಗ ಈಗಿನಂಥ ಸಿಮೆಂಟ್ ಕಾಂಕ್ರೀಟ್ ಇರಲಿಲ್ಲ. 44 ಮೀಟರ್ ಅಗಲದ ಗುಮ್ಮಟ ಸುಣ್ಣದ ಗಾರೆಯಲ್ಲಿ ನಿಂತಿದೆ. ಅವರು ಕ್ಯೂರಿಂಗ್ ಎಷ್ಟು ದಿನ ಮಾಡಿದರೋ?

ಸೈಟ್ ಇಂಜಿನಿಯರ್

ಸುಣ್ಣದ ಗಾರೆ ಗಾಳಿ ಕುಡಿದು ಗಟ್ಟಿಯಾಗುತ್ತದೆ, ಅದಕ್ಕೆ ವರ್ಷಗಟ್ಟಲೆ ಬೇಕು. ಅವರಿಗೆ ಅವಸರ ಇರಲಿಲ್ಲ, ಗೃಹಸಾಲವೂ ಇರಲಿಲ್ಲ.

ಬಾಲ್ಕನಿಯವನು

ಬ್ಯಾಂಕ್ ಕಾಕಾ ಹೇಳಿದ ಹಾಗೆ ನೋಡಿದೆ. ರೇರಾದಲ್ಲಿ ನೋಂದಣಿ ಇದೆ, ಅಷ್ಟು ಸಮಾಧಾನ. ಮುಗಿಸುವ ದಿನಾಂಕ ಮಾತ್ರ ದಸರಾ ಅಲ್ಲ, ಮುಂದಿನ ವರ್ಷದ ಮಾರ್ಚ್ ಕೊನೆ. ಅಕ್ಕನ ಕರಾರಿನಲ್ಲೂ ಅದೇ ಇದೆ. ದಸರಾ ಎಂದಿದ್ದು ಸೇಲ್ಸ್ ಹುಡುಗನ ಬಾಯಿಮಾತು. ಭಾವನಿಗೆ ಹೇಳಿದೆ. ಸಿಟ್ಟಾದರು, ಆಮೇಲೆ ಪುಣೆಯ ಬಾಡಿಗೆ ಕರಾರು ಮಾರ್ಚ್ ತನಕ ಮುಂದುವರಿಸುತ್ತೇನೆ ಎಂದರು.

ಸಂಜೆ ಕೆಳಗಿಳಿದು ಮೇಸ್ತ್ರಿಯನ್ನೂ ಮಾತಾಡಿಸಿದೆ. ಇಟ್ಟಿಗೆ ಗ್ಯಾಂಗ್ ಇನ್ನೊಂದು ಸೈಟಿನಲ್ಲಿ ಇದೆ, ಅಮಾವಾಸ್ಯೆ ಮುಗಿಸಿ ಬರುತ್ತದೆ ಎಂದರು. ಗೌಂಡಿ ಮಗ ಬರೆದಿದ್ದನ್ನೇ ಒಪ್ಪಿಸಿದ ಹಾಗಿತ್ತು. ಗೋಣಿ ತಟ್ಟಿನ ವಿಷಯ ಹೇಳಿದಾಗ ಸ್ವಲ್ಪ ಮುಖ ಗಂಟು ಹಾಕಿದರು. ಮರುದಿನ ಅಂಚಿನ ಚೌಕಗಳಲ್ಲಿ ಗೋಣಿ ಬಂದಿತ್ತು. ಮಜ್ಜಿಗೆಯೂ ಕೊಟ್ಟೆ, ನವನಗರದ ಅಕ್ಕಾರೆ.

ಬ್ಯಾಂಕ್ ಕಾಕಾ

ಲೆಕ್ಕಕ್ಕೆ ಬರುವುದು ಕರಾರಿನ ದಿನಾಂಕವೇ. ಅದು ದಾಟಿದರೆ, ಫ್ಲ್ಯಾಟ್ ಬೇಕು ಎನ್ನುವವರಿಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ, ಬೇಡ ಎನ್ನುವವರಿಗೆ ಬಡ್ಡಿ ಸಮೇತ ಹಣ ವಾಪಸ್. ಕಾಯ್ದೆಯ 18ನೇ ಕಲಮು. ಕೀಲಿ ಸಿಕ್ಕ ಮೇಲೂ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಕಾಗದ ಎಲ್ಲ ಒಂದು ಫೈಲಿನಲ್ಲಿ ಇಡಲು ಅಕ್ಕನಿಗೆ ಹೇಳಿ.

ಗೌಂಡಿ ಮಗ

ಇಷ್ಟು ಜನ ಕಟ್ಟಡದ ಬಗ್ಗೆ ಕಾಳಜಿ ಮಾಡಿದಿರಿ, ನನ್ನದೂ ಒಂದು. ನಿಮ್ಮ ಮನೆ ಕೆಲಸಕ್ಕೆ ಬರುವ ಗೌಂಡಿ, ಆಳುಗಳಿಗೆ ಲೇಬರ್ ಕಾರ್ಡ್ ಇದೆಯಾ ಕೇಳಿ. 18ರಿಂದ 60 ವಯಸ್ಸಿನ ಒಳಗಿದ್ದು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಬಹುದು. ಕೆಲಸ ಮಾಡಿದ್ದಕ್ಕೆ ನೀವು ಕೊಡುವ ಸಹಿ ಅವರಿಗೆ ಬೇಕಾಗುತ್ತದೆ. ಎಷ್ಟೋ ಮನೆ ಮಾಲೀಕರು ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ, ಏನೋ ತಲೆಗೆ ಬರುತ್ತದೆ ಎಂದು. ನಮ್ಮ ಅಪ್ಪ ಒಂದು ಸಹಿಗೆ ಮೂರು ಮನೆ ಅಲೆದಿದ್ದಾರೆ.

ನವನಗರದ ಅಕ್ಕ

ನಮ್ಮ ಮೇಸ್ತ್ರಿಗೆ ಇವತ್ತೇ ಫೋನ್ ಮಾಡಿ ಕೇಳುತ್ತೇನೆ ತಮ್ಮಾ.

ಸೈಟ್ ಇಂಜಿನಿಯರ್

ಬಾಲ್ಕನಿಯವರೇ, ಇಟ್ಟಿಗೆ ಎದ್ದ ಮೇಲೆ ನಿಮಗೊಂದು ಕೆಲಸ ಇದೆ. ಗಿಲಾವ ಬೀಳುವ ಮುಂಚೆ ಗೋಡೆ ಕೊರೆದು ವೈರಿಂಗ್ ಪೈಪ್, ನೀರಿನ ಪೈಪ್ ಕೂರಿಸುತ್ತಾರೆ. ಆಗ ಅಕ್ಕನ ಫ್ಲ್ಯಾಟಿನ ಒಂದೊಂದು ಗೋಡೆಯ ಫೋಟೊ ತೆಗೆದುಕೊಳ್ಳಿ, ಪಕ್ಕದಲ್ಲಿ ಟೇಪ್ ಹಿಡಿದು. ಮುಂದೆ ಮೊಳೆ ಹೊಡೆಯುವಾಗ ಪೈಪ್ ಎಲ್ಲಿದೆ ಎಂದು ತಿಳಿಯುತ್ತದೆ. ಬಚ್ಚಲಿನ ತಗ್ಗು ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿ ಎರಡು ದಿನ ನೀರು ನಿಲ್ಲಿಸುವಾಗ ಕೆಳಗಿನ ಫ್ಲ್ಯಾಟಿಗೆ ಹೋಗಿ ತಲೆ ಎತ್ತಿ ನೋಡಿ. ಟೈಲ್ಸ್ ಬಿದ್ದ ಮೇಲೆ ಸೋರಿಕೆ ಹುಡುಕುವುದು ಯಾರಿಂದಲೂ ಆಗುವುದಿಲ್ಲ.

ಕ್ಯೂಬ್ ಪರೀಕ್ಷೆಯ ವರದಿಯನ್ನೂ ಕೇಳಿ. ಪ್ರತಿ ಸ್ಲ್ಯಾಬ್ ಹಾಕುವಾಗ 150 ಮಿಲಿಮೀಟರಿನ ಚೌಕ ಅಚ್ಚಿನಲ್ಲಿ ಅದೇ ಕಾಂಕ್ರೀಟ್ ತುಂಬಿ 28 ದಿನ ಆದ ಮೇಲೆ ಒಡೆದು ನೋಡಿರಬೇಕು. ಕೊನೆಯ ಸ್ಲ್ಯಾಬಿನದು ಇಷ್ಟರಲ್ಲೇ ಬರುತ್ತದೆ.

ಬಾಲ್ಕನಿಯವನು

ಫೋಟೊಗೆ ಮೇಸ್ತ್ರಿ ಒಪ್ಪಿದ್ದಾರೆ. ಐದರ ಮೇಲೆ ಬನ್ನಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಬನ್ನಿ ಎಂದರು. ಬೈಕಿನದು ನಡೆಯುತ್ತದಾ?

ಸೈಟ್ ಇಂಜಿನಿಯರ್

ಬೈಕಿನದು ಬೇಡ, ಕಿವಿ ಮುಚ್ಚುತ್ತದೆ, ಮೇಲಿನಿಂದ ಕೂಗಿದರೆ ಕೇಳುವುದಿಲ್ಲ. ಅವರ ಹತ್ತಿರ ಹಳದಿಯದು ಇರುತ್ತದೆ, ಕೇಳಿ ಇಸಿದುಕೊಳ್ಳಿ. ಚಪ್ಪಲಿ ಬೇಡ, ಬೂಟು ಹಾಕಿ. ಸೆಂಟ್ರಿಂಗ್ ಬಿಚ್ಚಿದ ಕಡೆ ಮೊಳೆ ಬಿದ್ದಿರುತ್ತವೆ.